ಕತ್ತಿನ ಕಲೆ

ರೆಜ್ಜೋ ಕಲಾಬ್ರಿಯಾದಲ್ಲಿ ನನ್ನದೊಂದು ಸಣ್ಣ ಅಂಗಡಿ.
ಎದುರಿಗೆ ಸಮುದ್ರ, ಅದರಾಚೆ ಸಿಸಿಲಿ,
ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ಸುಳ್ಳು ಹತ್ತಿರ.
ಕೂತು ಬಾಟಲಿಗಳಿಗೆ ಚೀಟಿ ಅಂಟಿಸುತ್ತೇನೆ:
ಬೆರ್ಗಮೊಟ್ ಎಣ್ಣೆ.
ಮೂರು ಚಮಚ ಬಾದಾಮಿ ಎಣ್ಣೆಗೆ ಒಂದೇ ಹನಿ.
ಹಳತಾದರೆ ಚರ್ಮ ಉರಿದೀತು, ಚೆಲ್ಲಿಬಿಡಿ.
ರಾತ್ರಿ ಮಾತ್ರ.

ಕೊನೆಯ ಸಾಲನ್ನು ಕೆಂಪು ಶಾಯಿಯಲ್ಲಿ
ನಾನೇ ಬರೆಯುತ್ತೇನೆ, ಅಚ್ಚಿನವನನ್ನು ನಂಬದೆ.

"ಮುಖದ ಕಲೆ ಹೋಗುತ್ತದಾ?"
ಮೀನಂಗಡಿಯ ಅನ್ನುಂಜಿಯಾತಾ ವಾರಕ್ಕೊಮ್ಮೆ ಕೇಳುತ್ತಾಳೆ.
ಐವತ್ತೆಂಟು ವರ್ಷ, ಉಗುರಲ್ಲಿ ಇನ್ನೂ ಮೀನಿನ ಪೊರೆ.
ಜಿಡ್ಡು ಇಳಿದೀತು, ಅನ್ನುತ್ತೇನೆ,
ಮೂಗಿಗೆ ಯಾರೋ ಕಿಟಕಿ ತೆರೆದ ಹಾಗಾದೀತು.
ಕಲೆಯ ಮಾತು ಬೇಡ.
ಕಲೆ ಮಾಡುವುದರಲ್ಲಿ ಇದು ನಿಸ್ಸೀಮ.

ಅಮ್ಮ ಕನ್ಸೊಲಾತಾ. ಹೆಸರಿಗೆ ಸಮಾಧಾನ ಎಂದರ್ಥ,
ಸ್ವಭಾವ ಹಾಗಿರಲಿಲ್ಲ.
ಹತ್ತೊಂಬತ್ತಕ್ಕೆ ಎಣ್ಣೆ ಹಿಂಡುವ ಮನೆಯಲ್ಲಿ
ಸ್ಪಂಜು ತೊಳೆಯುವ ಕೆಲಸ.
ಗಂಡಸರು ಗಿಡ್ಡ ಮಣೆಯ ಮೇಲೆ ಕೂತು
ತಿರುಳು ತೆಗೆದ ಅರ್ಧ ಸಿಪ್ಪೆಯನ್ನು
ಕಡಲ ಸ್ಪಂಜಿಗೆ ಒತ್ತಿ ಮಣಿಕಟ್ಟು ತಿರುವಿದರೆ
ಸಿಪ್ಪೆ ಒಂದು ಉಸಿರು ಬಿಡುತ್ತಿತ್ತಂತೆ.
ನೂರು ಕಿಲೋ ಹಣ್ಣಿಗೆ ಅರ್ಧ ಕಿಲೋ ಎಣ್ಣೆ.
ಆ ಹಣ್ಣು ನಿಂಬೆಯೂ ಅಲ್ಲ, ಕಿತ್ತಳೆಯೂ ಅಲ್ಲ,
ಹೆರಳೆಯ ಕಡೆಯ ಯಾವುದೋ ದೂರದ ನಂಟು.
ರಸ ಕಹಿ, ಅದಕ್ಕೆ ಕಾವಲಿಲ್ಲ.
ಎಣ್ಣೆಗೆ ತಾಮ್ರದ ಕೊಡ, ಬೀಗ,
ಬೀಗದ ಕೈ ಮಾಲೀಕನ ಸೊಂಟದಲ್ಲಿ.

ತೊಳೆಯುವ ಮೊದಲು ಸ್ಪಂಜನ್ನು
ಇನ್ನೊಮ್ಮೆ ಹಿಂಡಿಕೊಂಡರೆ ಅದು ಕಳ್ಳತನವೋ?
ಪಾದ್ರಿಯನ್ನು ಅಮ್ಮ ಕೊನೆಯವರೆಗೂ ಕೇಳಲಿಲ್ಲ.
ಒಂದು ಚಳಿಗಾಲಕ್ಕೆ ಒಂದು ಕೆಮ್ಮಿನ ಔಷಧಿಯ ಸೀಸೆ ತುಂಬಿತು.

ಆಗಸ್ಟಿನಲ್ಲಿ ಅದರ ಮುಚ್ಚಳ ತೆಗೆದಳು,
ಲೆತ್ತೇರಿಯೊ ಎಂಬವನಿಗಾಗಿ.
ಮೆಸ್ಸೀನಾದವನು, ಹಡಗಿನಲ್ಲಿ ಟಿಕೆಟ್ ಹರಿಯುವವನು,
ಮಧ್ಯಾಹ್ನ ಕಟ್ಟೆಯ ಹತ್ತಿರ ನಿಂತಿರು ಅಂದಿದ್ದವನು.
ಕಿವಿಯ ಹಿಂದೆ ಒಂದು ಹನಿ, ಸಾಲದೆನಿಸಿ ಇನ್ನೊಂದು.
ಮೂರು ಹಡಗು ಬಂದವು.
ಮೈಮೇಲೆ ಬಿದ್ದವನು ಸೂರ್ಯನೊಬ್ಬನೇ.

ಮೂರನೆಯ ದಿನ ಕೆಂಪು, ಆಮೇಲೆ ಕಂದು:
ಕಿವಿಯಿಂದ ಕೊರಳೆಲುಬಿನ ತನಕ ಒಂದು ಗೆರೆ,
ಹನಿ ಸೋರಿದ ದಾರಿ ಹೇಗಿತ್ತೋ ಹಾಗೆ,
ತುದಿಯಲ್ಲಿ ಅದು ನಿಂತ ಜಾಗ ಗುಂಡಗೆ.
ಅಜ್ಜಿಗೆ ಅಯೋಡಿನ್ ಎಂದಳು.
ಅಜ್ಜಿ ಉಜ್ಜಿ ನೋಡಿದಳು.

ನವೆಂಬರಿನಲ್ಲಿ ಮತ್ತೆ ಮಣೆ, ಸ್ಪಂಜು, ಮಣ್ಣಿನ ಬಟ್ಟಲು.
"ಹೋದ ವರ್ಷ ಎಣ್ಣೆ ಕಡಿಮೆ ಬಂತಲ್ಲ,"
ಮಾಲೀಕ ಸುಮ್ಮನೆ ಅಂದ. ಗೋಡೆಗೆ ಅಂದ ಹಾಗೆ.
ಕುಂಬಳದ ಕಳ್ಳ ಹೆಗಲು ಮುಟ್ಟಿಕೊಂಡಂತೆ
ಅಮ್ಮನ ಕೈ ಕತ್ತಿನ ಬಟ್ಟೆಗೆ ಹೋಯಿತು.

ಮಾಲೀಕ ಗಮನಿಸಲಿಲ್ಲ.
ಮೂರನೆಯ ಮಣೆಯ ದೆಮೇತ್ರಿಯೊ ಗಮನಿಸಿದ.
ಅವನ ಮುಂಗೈ ತುಂಬ ಅದೇ ಕಂದು, ಅದೇ ಗೆರೆ,
ಹಿಂಡುವವರಿಗೆಲ್ಲ ಇರುವಂಥದ್ದು.
ಸಂಜೆ ಬಾವಿಯ ಹತ್ತಿರ ತೋಳು ಮಡಿಸಿ ತೋರಿಸಿದ.
ಯಾರಿಗಾಗಿ ಅಂತ ಕೇಳಲಿಲ್ಲ, ಎಲ್ಲಿಂದ ಅಂತ ಕೇಳಲಿಲ್ಲ.
"ಹಗಲಲ್ಲಿ ಹಚ್ಚಿಕೊಂಡೆಯಾ, ಹುಚ್ಚಿ?
ಅದು ರಾತ್ರಿ ಮಾತ್ರ."

ಅವನೇ ನನ್ನ ಅಪ್ಪ.
ಆಮೇಲಿನದು ಬೇರೆ ಕತೆ, ಅದರಲ್ಲಿ ಜಗಳವೇ ಹೆಚ್ಚು.
ಗೆರೆ ಮೂರು ವರ್ಷಕ್ಕೆ ಅಳಿಸಿಹೋಯಿತಂತೆ.
ನಾನು ಕಂಡಿದ್ದು ಬರಿಯ ಕತ್ತು,
ಹಡಗು ಕೂಗಿದಾಗ ಅಲ್ಲಿಗೆ ಹೋಗುವ ಬೆರಳು.

ಈಗ ಬಿಸಿಲಿನ ವಿಷ ತೆಗೆದ ಎಣ್ಣೆಯೂ ಬರುತ್ತದೆ,
ಪ್ರಯೋಗಾಲಯದ ಮೊಹರು, ಸಹಿ ಎಲ್ಲ ಇದೆ.
ಅದನ್ನೂ ಮಾರುತ್ತೇನೆ. ಘಮ ಒಂದು ಕೂದಲೆಳೆ ಕಡಿಮೆ,
ಅಥವಾ ನನಗೆ ಹಾಗನ್ನಿಸುತ್ತದೆ.

ನಿನ್ನೆ ಹನ್ನೆರಡರ ಉರಿಬಿಸಿಲಲ್ಲಿ
ಅನ್ನುಂಜಿಯಾತಾ ಕಟ್ಟೆಯ ಕಡೆ ಹೊರಟಿದ್ದಳು,
ಕೆಂಪು ಶಾಯಿಯ ಬಾಟಲಿಯ ವಾಸನೆ
ಅವಳಿಗಿಂತ ಹತ್ತು ಹೆಜ್ಜೆ ಮುಂದೆ.
ಕೈ ಹಿಡಿದು ನೆರಳಿಗೆ ಎಳೆದೆ,
ಸೋಪು ಹಾಕಿ ಅವಳ ಕತ್ತು ತಿಕ್ಕಿದೆ.
ಎಳೆ ಮಗುವಿನ ಹಾಗೆ ಗದ್ದ ಎತ್ತಿ ನಿಂತಿದ್ದಳು.
"ಯಾವ ಹಡಗಿಗೆ ಬರುತ್ತಾನೆ?" ಅಂದೆ.